ಷವರ್‌ನಲ್ಲಿ ನೀರು ಏಕೆ ತೊಟ್ಟಿಕ್ಕುತ್ತದೆ?

ಹೊಸ ಮನೆ ಕಟ್ಟಿಸಿದವರು ಬಚ್ಚಲಿಗೆ ಟೈಲ್ಸ್ ಹಾಕಿಸಿ, ಅಂಗಡಿಯಲ್ಲಿ ಗಂಟೆಗಟ್ಟಲೆ ಆರಿಸಿ ತಂದ ಷವರ್ ಕೂರಿಸುತ್ತಾರೆ. ಗೃಹಪ್ರವೇಶದ ಮರುದಿನ ತಿರುಗಿಸಿದರೆ ಮಳೆಯೂ ಇಲ್ಲ, ತುಂತುರೂ ಇಲ್ಲ. ನಾಲ್ಕು ಎಳೆ ನೀರು ಗೋಡೆ ಸವರಿಕೊಂಡು ಇಳಿಯುತ್ತದೆ. ಪ್ಲಂಬರನ್ನು ಕರೆಸಿದರೆ ಅವನ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಪ್ರೆಷರ್ ಸಾಲದು ಸಾರ್, ಒಂದು ಪಂಪ್ ಹಾಕಿಸಿಬಿಡಿ.’ ಹೂಂ ಎಂದರೆ ಸಾವಿರಾರು ರೂಪಾಯಿ ಖರ್ಚು. ಹೂಂ ಎನ್ನುವ ಮೊದಲು ನೋಡಬೇಕಾದದ್ದು ಸಾಕಷ್ಟಿದೆ.

ಬೀದಿ ನಲ್ಲಿಯ ನೀರು ನೇರವಾಗಿ ಷವರ್‌ಗೆ ಬರುವುದು ಅಪರೂಪ. ಅದು ಸಂಪಿಗೆ ಬಿದ್ದು, ಮೋಟಾರಿನಿಂದ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಟ್ಯಾಂಕಿನ ನೀರಿನ ಮಟ್ಟ ಷವರ್‌ಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. 10 ಮೀಟರ್ ಎತ್ತರವಿದ್ದರೆ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ. ದೊಡ್ಡ ಟ್ಯಾಂಕ್ ಇಟ್ಟರೆ ರಭಸ ಹೆಚ್ಚುತ್ತದೆಂದು ನಂಬಿದವರಿದ್ದಾರೆ. 500 ಲೀಟರಿನದಾಗಲಿ, 2000 ಲೀಟರಿನದಾಗಲಿ, ಮಟ್ಟ ಒಂದೇ ಆದರೆ ಒತ್ತಡವೂ ಒಂದೇ.

ಮೇಲಿನ ಅಂತಸ್ತಿನ ಲೆಕ್ಕ ನೋಡಿ. ಷವರ್ ನೆಲದಿಂದ ಏಳಡಿ ಮೇಲೆ, ಛಾವಣಿ ಹತ್ತಡಿಗೆ, ಟ್ಯಾಂಕ್ ತಾರಸಿಯ ಮೇಲೆಯೇ ಕುಳಿತಿದೆ. ಟ್ಯಾಂಕ್ ತುಂಬಿದಾಗಲೂ ಇವೆರಡರ ನಡುವೆ ಸಿಗುವ ಎತ್ತರ ಆರಡಿಯಷ್ಟು. ಒತ್ತಡ 0.18 ಕಿಲೋ! ಅದೇ ನೀರು ಕೆಳಗಿನ ಅಂತಸ್ತಿಗೆ ಬರುವಾಗ ಹದಿನಾರಡಿಯ ಬಲ ಪಡೆದಿರುತ್ತದೆ. ಹಾಗಾಗಿ ಮೇಲಿರುವ ಮಾಲೀಕರಿಗೆ ತೊಟ್ಟು, ಕೆಳಗಿನ ಬಾಡಿಗೆದಾರರಿಗೆ ಜಲಪಾತ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲೇರಿ ಬರುತ್ತದೆ; ಕೊನೆಗೆ ನಾಲ್ಕಡಿ ಸಾಲದೆ ಸ್ನಾನ ಕೆಡುವುದು ವಿಚಿತ್ರವೇ ಸರಿ.

ಎತ್ತರವೊಂದೇ ಕಾರಣವಲ್ಲ. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿ ಬರುತ್ತಿದ್ದ ನೀರು ಈಗ ಸೊರಗಿದ್ದರೆ ಎತ್ತರದ ತಪ್ಪೇನೂ ಇಲ್ಲ. ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಷವರ್‌ನ ತಲೆಯನ್ನು ಬಿಚ್ಚಿ, ಬರಿಯ ಕೊಳವೆಯಿಂದ ನೀರು ಬಿಟ್ಟು ನೋಡಬೇಕು. ದಪ್ಪವಾಗಿ ಸುರಿದರೆ ಕಳ್ಳ ತಲೆಯಲ್ಲಿದ್ದಾನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೊಳವೆಬಾವಿ ನೀರು ಬಳಸುವವರಿಗೆ ಇದು ಪರಿಚಿತ ಕಥೆ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಹಕ್ಕಳೆಯೇ ಷವರ್‌ನ ಸಣ್ಣ ತೂತುಗಳಲ್ಲೂ ಕಟ್ಟಿಕೊಂಡಿರುತ್ತದೆ. ಇದು ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಇಲ್ಲವೇ ವಿನೆಗರ್‌ನಲ್ಲಿ, ತಲೆಯನ್ನು ಒಂದೆರಡು ಗಂಟೆ ಮುಳುಗಿಸಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಸಾಕು. ಬಿಡದ ತೂತಿಗೆ ಗುಂಡುಸೂಜಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಬೇಡ. ಅದು ಹಕ್ಕಳೆಯ ಜೊತೆಗೆ ಹೊಳಪಿನ ಲೇಪವನ್ನೂ ತಿನ್ನುತ್ತದೆ.

ಬರಿಯ ಕೊಳವೆಯಲ್ಲೂ ನೀರು ಬಡವಾಗಿದ್ದರೆ ಹಿಂದಕ್ಕೆ ಹುಡುಕಬೇಕು. ತಣ್ಣೀರು ಸರಿಯಿದ್ದು ಬಿಸಿನೀರಷ್ಟೇ ಸಣಕಲಾದರೆ ಗೀಸರಿನ ಒಳಗೋ ಅದಕ್ಕೆ ಹೋಗುವ ವಾಲ್ವಿನಲ್ಲೋ ತಡೆ ಇದೆ ಎಂದರ್ಥ. ಎರಡೂ ಬಡವಾದರೆ ತಾರಸಿ ಹತ್ತುವುದೇ ಒಳ್ಳೆಯದು. ಟ್ಯಾಂಕಿನ ಬಳಿಯ ಹಳೆಯ ಹಿತ್ತಾಳೆ ಗೇಟ್ ವಾಲ್ವ್ ಮೋಸಗಾರ: ಹಿಡಿ ಸುಲಭವಾಗಿ ತಿರುಗುತ್ತದೆ, ಒಳಗೆ ಕಡ್ಡಿ ಮುರಿದು ಬಿಲ್ಲೆ ಅರ್ಧಕ್ಕೇ ಸಿಕ್ಕಿಕೊಂಡಿರುತ್ತದೆ. ಟ್ಯಾಂಕ್ ಒಮ್ಮೆ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ಸಮಸ್ಯೆ ಶುರುವಾಗಿದ್ದರೆ ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿರಬಹುದು. ಮನೆಯ ಎಲ್ಲ ನಲ್ಲಿಗಳನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಬಹಳ ಸಲ ಹೊರಟುಹೋಗುತ್ತದೆ. ಮತ್ತೆ ಮತ್ತೆ ಕಟ್ಟಿದರೆ, ಟ್ಯಾಂಕಿನಿಂದ ಇಳಿಯುವ ಪೈಪಿಗೆ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗುವ ಒಂದು ಗಾಳಿ ಕೊಳವೆ ಜೋಡಿಸಬೇಕು. ಹಳೆಯ ಕಬ್ಬಿಣದ ಪೈಪುಗಳ ಒಳಗೆ ತುಕ್ಕು ಬೆಳೆದು ದಾರಿ ಕಿರಿದಾಗಿದ್ದರೆ ಬದಲಿಸದೆ ಗತ್ಯಂತರವಿಲ್ಲ.

ಇಷ್ಟಾದರೂ ಆಗದಿದ್ದರೆ ಆಗ ಎತ್ತರದ ಮಾತು. ಟ್ಯಾಂಕನ್ನು ಮೂರಡಿ ಏರಿಸಿದರೂ ಮೇಲಿನ ಅಂತಸ್ತಿನಲ್ಲಿ ವ್ಯತ್ಯಾಸ ಕಾಣುತ್ತದೆ. ಆರಡಿ ಇದ್ದದ್ದು ಒಂಬತ್ತಡಿಯಾಗುವುದು ಸಣ್ಣದೇನಲ್ಲ. ಆದರೆ 1000 ಲೀಟರ್ ನೀರೆಂದರೆ ಒಂದು ಟನ್ ಭಾರ. ಅದನ್ನು ಛಾವಣಿಯ ನಡುಮಧ್ಯೆ ನಾಲ್ಕು ಇಟ್ಟಿಗೆ ಗುಡ್ಡೆಯ ಮೇಲೆ ಕೂರಿಸುವ ಮೇಸ್ತ್ರಿಯ ಧೈರ್ಯವನ್ನು ನಂಬಬಾರದು. ಭಾರ ಗೋಡೆಗೋ ಕಂಬಕ್ಕೋ ಇಳಿಯಬೇಕು, ಎಂಜಿನಿಯರ್ ಒಮ್ಮೆ ನೋಡಿರಬೇಕು. ಇದು ಬೇಡವೆನ್ನುವವರು ಕಡಿಮೆ ಒತ್ತಡಕ್ಕೆಂದೇ ಮಾಡಿದ ಚಿಕ್ಕ ತಲೆಯ ಷವರ್ ತರಲಿ. ತಟ್ಟೆಯಗಲದ ಷವರ್‌ಗೆ 0.18 ಕಿಲೋದಲ್ಲಿ ಮಳೆ ಸುರಿಸುವ ಶಕ್ತಿಯಿಲ್ಲ. ಚೊಂಬು ಬಕೆಟ್ಟಿಗೆ ಪ್ರೆಷರ್ ಬೇಕಿಲ್ಲವೆಂದು ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ, ಕೇಳಿಸಿಕೊಳ್ಳಬೇಕು.

ಕೊನೆಗೂ ಪಂಪೇ ಎಂದಾದರೆ ಅದು ಟ್ಯಾಂಕಿನಿಂದ ಇಳಿಯುವ ಪೈಪಿಗೆ ಮಾತ್ರ. ಬೀದಿಯ ನಲ್ಲಿ ಸಂಪರ್ಕಕ್ಕೇ ಮೋಟಾರು ಹಚ್ಚಿ ಎಳೆಯುವುದು ಬೆಂಗಳೂರಿನಲ್ಲಿ ನಿಷಿದ್ಧ. ಪಕ್ಕದ ಮನೆಯವರ ಪಾಲು ಹೋಗುವುದಲ್ಲದೆ, ಒಡಕು ಪೈಪಿನ ಸುತ್ತ ನಿಂತ ಚರಂಡಿ ನೀರೂ ಒಳಗೆ ಹೀರಿಕೊಂಡು ಬರುತ್ತದೆ. ಗೀಸರ್ ಎಷ್ಟು ಒತ್ತಡ ತಡೆಯುತ್ತದೆಂದು ಅದರ ಮೇಲಿನ ಫಲಕದಲ್ಲಿ ಬರೆದಿರುತ್ತದೆ. ಪಂಪ್ ಕೊಳ್ಳುವ ಮೊದಲು ಅದನ್ನು ಓದಿಕೊಳ್ಳಬೇಕು. ಸಣ್ಣ ಒತ್ತಡಕ್ಕೆ ಒಗ್ಗಿದ ಹಳೆಯ ಜೋಡಣೆಗಳು ಹೊಸ ಒತ್ತಡಕ್ಕೆ ಸೋರತೊಡಗುವುದೂ ಉಂಟು. ಪಂಪ್ ಹಾಕಿಸಿದ ಮೊದಲ ವಾರ ಬಚ್ಚಲ ಗೋಡೆಯ ಆಚೆ ಬದಿಯಲ್ಲಿ ತೇವ ಕಾಣುತ್ತಿದೆಯೇ ಎಂದು ದಿನಕ್ಕೊಮ್ಮೆ ಕೈಯಿಟ್ಟು ನೋಡಬೇಕು.