ಒಡೆಯುವ ಕೋಶ, ತಡೆಯುವ ದೇಹ

ಈರುಳ್ಳಿಯ ಬೇರಿನ ತುದಿಯನ್ನು ಕತ್ತರಿಸಿ, ಅಸಿಟೋಕಾರ್ಮಿನ್ ಬಣ್ಣದಲ್ಲಿ ತೋಯಿಸಿ, ಗಾಜಿನ ಪಟ್ಟಿಯ ಮೇಲೆ ಮೆಲ್ಲನೆ ಅದುಮಿ ಸೂಕ್ಷ್ಮದರ್ಶಕದಡಿ ನೋಡಿದ ನೆನಪು ಜೀವಶಾಸ್ತ್ರ ಓದಿದವರಲ್ಲಿ ಬಹುಮಂದಿಗೆ ಉಂಟು. ಕೆಂಪೇರಿದ ವರ್ಣತಂತುಗಳು ಕೋಶದ ನಡುವೆ ಸಾಲುಗಟ್ಟಿ, ಎರಡು ಪಾಲಾಗಿ, ಎದುರುಬದುರಿನ ಧ್ರುವಗಳತ್ತ ಸರಿದ ಆ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆದು, ಹಂತಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸಿದವನು ಜಾಣನೆನಿಸಿಕೊಳ್ಳುತ್ತಾನೆ. ಕೋಶವು ಹೇಗೆ ಒಡೆಯುತ್ತದೆಂಬುದನ್ನು ಇಷ್ಟು ಶ್ರದ್ಧೆಯಿಂದ ಕಲಿಸುವ ನಾವು, ಅದೇಕೆ ಒಡೆಯುತ್ತದೆಂದು ಕೇಳಿದ ಹುಡುಗನನ್ನು ಮಾತ್ರ ಒಂದೇ ವಾಕ್ಯದಲ್ಲಿ ಕೂರಿಸಿಬಿಡುತ್ತೇವೆ. ಆ ವಾಕ್ಯ ಅರ್ಧಸತ್ಯವೆಂಬುದು ನನ್ನ ತಕರಾರು.

ಆ ವಾಕ್ಯ ಗಾತ್ರವನ್ನು ಕುರಿತದ್ದು. ಘನಾಕೃತಿಯ ಬದಿ ಇಮ್ಮಡಿಯಾದರೆ ಅದರ ಮೇಲ್ಮೈ 4 ಪಟ್ಟು ಹೆಚ್ಚುತ್ತದೆ, ಒಡಲಾದರೋ 8 ಪಟ್ಟು. ಮನೆಮಂದಿ ಎಂಟರಷ್ಟಾಗಿ ಬಾಗಿಲುಗಳು ನಾಲ್ಕರಷ್ಟೇ ಆದ ಸಂಸಾರದಂತೆ ಬೆಳೆದ ಕೋಶಕ್ಕೆ ಆಹಾರ, ಪ್ರಾಣವಾಯುಗಳ ಪ್ರವೇಶವೂ ಕಲ್ಮಷದ ನಿರ್ಗಮನವೂ ಕಷ್ಟವಾಗುವುದರಿಂದ ಅದು ಎರಡಾಗುತ್ತದೆ ಎಂಬುದು ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಜರ್ಮನಿಯ ಮ್ಯಾಕ್ಸ್ ಹಾರ್ಟ್‌ಮನ್ ಎಂಬ ಪ್ರಾಣಿಶಾಸ್ತ್ರಜ್ಞನು ಅಮೀಬಾದ ಕೋಶರಸವನ್ನು ಮತ್ತೆ ಮತ್ತೆ ಕತ್ತರಿಸಿ, ಅದನ್ನು ಬೆಳೆಯಗೊಡದೆ, ತಿಂಗಳುಗಟ್ಟಲೆ ವಿಭಜನೆಯನ್ನೇ ತಡೆದು ತೋರಿಸಿದನು.

ಆದರೆ ಮಳೆಗಾಲದ ಹೊಂಡದಲ್ಲಿ ತೇಲುವ ಕಪ್ಪೆಯ ಮೊಟ್ಟೆ ಈ ವಾದಕ್ಕೆ ಸೊಪ್ಪು ಹಾಕುವುದಿಲ್ಲ. ಒಂದೆರಡು ಮಿಲಿಮೀಟರ್ ಅಗಲದ ಆ ಒಂಟಿ ಕೋಶವು ಹೊರಗಿನಿಂದ ತುತ್ತೊಂದನ್ನೂ ತಿನ್ನದೆ, ಎಳ್ಳಷ್ಟೂ ದಪ್ಪವಾಗದೆ, ಎರಡಾಗಿ, ನಾಲ್ಕಾಗಿ, ಎಂಟಾಗಿ, ಕಡೆಗೆ ಸಾವಿರಾರು ಕೋಶಗಳ ಗುಂಡಾಗುತ್ತದೆ. ಇಲ್ಲಿ ಒಡೆಯುವುದು ಬೆಳೆದುದಕ್ಕಲ್ಲ, ಹಂಚಿಕೊಳ್ಳುವುದಕ್ಕೆ: ಚರ್ಮವಾಗತಕ್ಕದ್ದು ಬೇರೆ, ನರವಾಗತಕ್ಕದ್ದು ಬೇರೆ, ಎಲ್ಲವೂ ಒಂದೇ ಕೋಶದಿಂದ ಆಗತಕ್ಕದ್ದಲ್ಲ.

ಕೋಶವು ಕೋಶದಿಂದಲೇ ಹುಟ್ಟುತ್ತದೆ, ತಾನಾಗಿ ಘನೀಭವಿಸುವುದಿಲ್ಲ ಎಂದು ರಾಬರ್ಟ್ ರೆಮಾಕ್ 1852ರಲ್ಲೇ ಸಾರಿದ್ದನು. 1855ರಲ್ಲಿ ಅದನ್ನೇ ಸೂತ್ರವಾಗಿಸಿದ ರುಡಾಲ್ಫ್ ವಿರ್ಖೋನ ಹೆಸರು ಮಾತ್ರ ಉಳಿಯಿತು. (ಕೀರ್ತಿಯು ಕೋಶದಂತೆ ಸಮಪಾಲಾಗುವುದು ಅಪೂರ್ವ.) ಆ ಸೂತ್ರವನ್ನು ಹಿಂದಕ್ಕೆ ಎಳೆಯುತ್ತ ಹೋದರೆ, ಇಂದು ಬದುಕಿರುವ ಪ್ರತಿಯೊಂದು ಕೋಶವೂ ಎಲ್ಲಿಯೂ ಕಡಿಯದ ವಿಭಜನಪರಂಪರೆಯ ಕಟ್ಟಕಡೆಯ ಕೊಂಡಿ ಎಂದಾಗುತ್ತದೆ. ಒಡೆಯದ ಕೋಶಕ್ಕೆ ಸಂತತಿಯಿಲ್ಲ. ಹಾಗಾದ ಮೇಲೆ ಒಡೆಯುವಿಕೆ ಕೋಶದ ಆದಿಸ್ವಭಾವ. ಕಾರಣ ಕೇಳಬೇಕಾದದ್ದು ಅದು ನಿಲ್ಲುವುದಕ್ಕೆ.

ನಿಲ್ಲುವುದಾದರೂ ಎಷ್ಟು ನಿಯತವಾಗಿ! ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕೊಯ್ದು ತೆಗೆದರೆ, ತಿಂಗಳುಗಳಿಂದ ಸುಮ್ಮನಿದ್ದ ಕೋಶಗಳು ಎಚ್ಚೆತ್ತು ಒಡೆಯತೊಡಗಿ, ಒಂದೆರಡು ವಾರಗಳಲ್ಲಿ ಹಿಂದಿನ ತೂಕವನ್ನು ಮುಟ್ಟಿಸಿ, ಅಲ್ಲಿಗೆ ತೆಪ್ಪಗಾಗುತ್ತವೆ. ನಮ್ಮ ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಕೆಂಪು ರಕ್ತಕಣಗಳನ್ನು ಹೊರಡಿಸುತ್ತಿರುವಾಗ, ಅದೇ ದೇಹದ ಮಿದುಳಿನ ನರಕೋಶಗಳು ಒಡೆಯುವ ಗೋಜಿಗೇ ಹೋಗುವುದಿಲ್ಲ. ಈ ಅಂಕುಶದ ಯಂತ್ರವನ್ನು ಯೀಸ್ಟಿನಲ್ಲಿಯೂ ಕಡಲಮುಳ್ಳಿಯ ಮೊಟ್ಟೆಯಲ್ಲಿಯೂ ಹುಡುಕಿ ತೋರಿದ ಹಾರ್ಟ್‌ವೆಲ್, ನರ್ಸ್, ಹಂಟ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅಂಕುಶ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಹೆನ್ರಿಯೆಟಾ ಲ್ಯಾಕ್ಸ್: 1951ರಲ್ಲಿ ಬಾಲ್ಟಿಮೋರಿನಲ್ಲಿ ಆಕೆಯನ್ನು ಕೊಂದ ಅರ್ಬುದದಿಂದ, ಆಕೆಯ ಅನುಮತಿಯಿಲ್ಲದೆಯೇ ತೆಗೆದ ಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಒಡೆಯುತ್ತಲೇ ಇವೆ.

ಆದುದರಿಂದ ನಮ್ಮ ಅಧ್ಯಾಪಕರಲ್ಲಿ ಒಂದು ಬಿನ್ನಹ. ಈರುಳ್ಳಿಬೇರಿನ ತುದಿಯನ್ನು ತೋರಿಸಿದ ಬಳಿಕ, ಅದೇ ಬೇರಿನಲ್ಲಿ ಅರ್ಧ ಅಂಗುಲ ಮೇಲಿನ ತುಂಡನ್ನೂ ಕೊಯ್ದು ತೋರಿಸಲಿ. ಅಲ್ಲಿನ ಕೋಶಗಳು ತುದಿಯವಕ್ಕಿಂತ ಹಲವು ಪಟ್ಟು ಉದ್ದ. ಗಾತ್ರದ ವಾದದಂತೆ ಅವು ಎಂದೋ ಒಡೆಯಬೇಕಾಗಿತ್ತು. ಒಂದೂ ಒಡೆಯದೆ ನಿಂತಿರುವ ಆ ಸಾಲನ್ನು ನೋಡಿದ ಹುಡುಗನು ಏನು ಕೇಳುತ್ತಾನೋ, ಅದಕ್ಕೆ ರೆಕಾರ್ಡ್ ಪುಸ್ತಕದಲ್ಲಿ ಒಂದು ಪುಟ ಬಿಟ್ಟಿರಲಿ.