ಕಡಲಿನಿಂದ ವಿದ್ಯುತ್: ರಾಷ್ಟ್ರೀಯ ಕಾರ್ಯತಂತ್ರ ಮತ್ತು ಮಂಗಳೂರು ಕರಾವಳಿ

ಸಮುದ್ರದ ಅಲೆ ಹಾಗೂ ಉಬ್ಬರವಿಳಿತದಿಂದ ವಿದ್ಯುತ್ ಉತ್ಪಾದಿಸುವ ಯೋಜನೆಗಳು ಮಂಗಳೂರಿಗೆ ಬರಲಿವೆಯೇ, ಬಂದಲ್ಲಿ ಅವುಗಳ ಪ್ರಯೋಜನಕ್ಕೆ ಅರ್ಜಿ ಸಲ್ಲಿಸುವುದು ಹೇಗೆ ಎಂಬ ಪ್ರಶ್ನೆಗಳು ಕರಾವಳಿಯ ನಾಗರಿಕರಲ್ಲಿ ಮೂಡುವುದು ಸಹಜ. ಎರಡನೆಯದಕ್ಕೆ ಉತ್ತರ ಸರಳವಾಗಿದೆ. ಈ ಮೂಲಗಳ ವಿದ್ಯುತ್ತಿಗಾಗಿ ಗೃಹ ಬಳಕೆದಾರರಿಗೆ ಸಹಾಯಧನ ನೀಡುವ ಯೋಜನೆ ಯಾವುದೂ ಜಾರಿಯಲ್ಲಿಲ್ಲ. ಆದುದರಿಂದ ಅರ್ಜಿ ನಮೂನೆಯಾಗಲೀ ಶುಲ್ಕವಾಗಲೀ ಇರುವುದಿಲ್ಲ. ಇಂತಹ ನೋಂದಣಿಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ನೀಡತಕ್ಕದ್ದಲ್ಲ. ಮೊದಲನೆಯ ಪ್ರಶ್ನೆಗೆ ತುಸು ವಿವರಣೆ ಅಗತ್ಯ.

ರಾಷ್ಟ್ರೀಯ ಕಾರ್ಯತಂತ್ರವು ಒಂದೇ ಆದೇಶದಲ್ಲಿ ಅಡಕವಾಗಿಲ್ಲ. 2019ರ ಆಗಸ್ಟ್‌ನಲ್ಲಿ ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಅಲೆ, ಉಬ್ಬರವಿಳಿತ ಮತ್ತು ಸಾಗರದ ಉಷ್ಣಾಂಶ ವ್ಯತ್ಯಾಸದಿಂದ ದೊರೆಯುವ ಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಸ್ಪಷ್ಟಪಡಿಸಿತು. 2021ರಲ್ಲಿ ಸಂಸತ್ತಿನ ಇಂಧನ ಸ್ಥಾಯಿ ಸಮಿತಿಯು ಉಬ್ಬರವಿಳಿತದ ವಿದ್ಯುತ್ತಿನ ಕುರಿತು ವರದಿ ಸಲ್ಲಿಸಿತು. ಅದೇ ವರ್ಷ ಕೇಂದ್ರ ಸಂಪುಟವು 4,077 ಕೋಟಿ ರೂಪಾಯಿಗಳ ಆಳ ಸಾಗರ ಅಭಿಯಾನಕ್ಕೆ ಅನುಮೋದನೆ ನೀಡಿತು. ದೇಶದ ಸಾಮರ್ಥ್ಯವನ್ನು ಉಬ್ಬರವಿಳಿತಕ್ಕೆ 12,455 ಮೆಗಾವಾಟ್, ಅಲೆಗಳಿಗೆ ಸುಮಾರು 41,300 ಮೆಗಾವಾಟ್ ಎಂದು ಅಂದಾಜಿಸಲಾಗಿದೆ. ಇವು ಸೈದ್ಧಾಂತಿಕ ಅಂಕಿಗಳು. ಕೈಗೆ ಸಿಗುವ ವಿದ್ಯುತ್ತಿನ ಲೆಕ್ಕವಲ್ಲ.

ಉಬ್ಬರವಿಳಿತದ ವಿಷಯದಲ್ಲಿ ಮಂಗಳೂರಿಗೆ ಆಸೆಪಡಲು ಹೆಚ್ಚೇನೂ ಇಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಮತ್ತು ಇಳಿತಗಳ ನಡುವಣ ಅಂತರ 11 ಮೀಟರಿನವರೆಗೆ ಹೋದರೆ, ಇಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸು. ಅಣೆಕಟ್ಟಿನ ಹಿಂದೆ ನೀರು ತುಂಬಿಸಿ ಬಿಡುವ ವಿಧಾನದಲ್ಲಿ ದೊರೆಯುವ ಶಕ್ತಿಯು ಈ ಅಂತರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಷ್ಟೇ ವಿಸ್ತಾರದ ಜಲಾಶಯದಿಂದ ಇಲ್ಲಿ ದೊರೆಯುವುದು ಅಲ್ಲಿನ ಐವತ್ತರಲ್ಲಿ ಒಂದು ಪಾಲು ಮಾತ್ರ. ಅನುಕೂಲಕರವೆಂದು ಗುರುತಿಸಿದ ಸ್ಥಳಗಳಲ್ಲಿಯೂ ವೆಚ್ಚ ಅಡ್ಡಿಯಾಯಿತು. ಪಶ್ಚಿಮ ಬಂಗಾಳದ ದುರ್ಗಾದುವಾನಿ ಖಾರಿಯ 3.75 ಮೆಗಾವಾಟ್ ಯೋಜನೆಗೆ 238 ಕೋಟಿ ರೂಪಾಯಿ ತಗಲುವುದೆಂದು ಕಂಡುಬಂದು ಅದನ್ನು ಕೈಬಿಡಲಾಯಿತು. ಕಛ್ ಕೊಲ್ಲಿಯ 50 ಮೆಗಾವಾಟ್ ಯೋಜನೆಯೂ ಮುಂದುವರಿಯಲಿಲ್ಲ.

ಅಲೆಗಳ ಮಾತು ಬೇರೆ. ಮಳೆಗಾಲದಲ್ಲಿ ಪಣಂಬೂರು, ಉಳ್ಳಾಲಗಳ ಕಡಲನ್ನು ಕಂಡವರಿಗೆ ಅದರ ಬಲವನ್ನು ವಿವರಿಸಬೇಕಾಗಿಲ್ಲ. ಆ ಸಮಯದಲ್ಲಿ ತೀರದಾಚೆಯ ಅಲೆಗಳು ಮೂರು ಮೀಟರ್ ಎತ್ತರವನ್ನು ಮೀರುತ್ತವೆ. ಉಳಿದ ತಿಂಗಳುಗಳಲ್ಲಿ ಬಹುಮಟ್ಟಿಗೆ ಒಂದು ಮೀಟರಿನ ಸುತ್ತಮುತ್ತ ಇರುತ್ತವೆ. ಅಲೆಯ ಶಕ್ತಿಯೂ ಎತ್ತರದ ವರ್ಗವನ್ನು ಅನುಸರಿಸುವುದರಿಂದ ಮೂರು ಪಟ್ಟು ಎತ್ತರದ ಅಲೆಯಲ್ಲಿ ಸುಮಾರು ಒಂಬತ್ತು ಪಟ್ಟು ಶಕ್ತಿಯಿರುತ್ತದೆ. ಅರಬ್ಬಿ ಸಮುದ್ರದ ಇದೇ ಸ್ವಭಾವವನ್ನು ಕೇರಳದ ವಿಳಿಂಜಂ ಸ್ಥಾವರವು ತೋರಿಸಿಕೊಟ್ಟಿತು. ಮದ್ರಾಸಿನ ಐಐಟಿ 1991ರಲ್ಲಿ ಅಲ್ಲಿ 150 ಕಿಲೋವಾಟ್ ಸಾಮರ್ಥ್ಯದ ಘಟಕವನ್ನು ಸ್ಥಾಪಿಸಿತು. ಕಾಂಕ್ರೀಟ್ ಕೋಣೆಯೊಳಗೆ ನೀರು ಏರಿಳಿಯುವಾಗ ಒತ್ತಲ್ಪಡುವ ಗಾಳಿಯಿಂದ ಟರ್ಬೈನು ತಿರುಗುವ ವ್ಯವಸ್ಥೆ ಅದು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸರಾಸರಿ 75 ಕಿಲೋವಾಟ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 25 ಕಿಲೋವಾಟ್ ಎಂಬುದು ಅದರ ನಿರೀಕ್ಷಿತ ಉತ್ಪಾದನೆಯಾಗಿತ್ತು. ಹಲವು ವರ್ಷಗಳ ಪ್ರಯೋಗದ ನಂತರ ಸದರಿ ಘಟಕ ಸ್ಥಗಿತಗೊಂಡಿತು.

ಕರ್ನಾಟಕಕ್ಕೆ ಈ ಋತುಮಾನವೇ ಮುಖ್ಯ ತೊಡಕು. ರಾಜ್ಯದಲ್ಲಿ ವಿದ್ಯುತ್ ಬೇಡಿಕೆ ಏರುವುದು ಫೆಬ್ರವರಿಯಿಂದ ಬೇಸಿಗೆಯವರೆಗೆ. ಆಗ ಕಡಲು ಶಾಂತ. ಕಡಲು ಉಕ್ಕುವ ಜೂನ್‌ನಿಂದ ಸೆಪ್ಟೆಂಬರ್ ಅವಧಿಯಲ್ಲಿ ಶರಾವತಿಯ ಜಲಾಶಯ ತುಂಬುತ್ತಿರುತ್ತದೆ, ಬಯಲುಸೀಮೆಯ ಗಾಳಿಯಂತ್ರಗಳು ಭರದಿಂದ ತಿರುಗುತ್ತಿರುತ್ತವೆ, ಮಳೆಯಾದಲ್ಲಿ ಪಂಪ್‌ಸೆಟ್ಟುಗಳೂ ವಿಶ್ರಾಂತಿಯಲ್ಲಿರುತ್ತವೆ. ಬೇಡದ ಹೊತ್ತಿನಲ್ಲಿ ದುಬಾರಿ ವಿದ್ಯುತ್ ಬಂದರೆ ಅದರ ಭಾರ ಬೀಳುವುದು ಬಳಕೆದಾರರ ದರದ ಮೇಲೆಯೇ. ಆದಕಾರಣ ಮೆಸ್ಕಾಂ ವ್ಯಾಪ್ತಿಯ ಮನೆಗಳಿಗೆ ಅಲೆಗಳಿಂದ ವಿದ್ಯುತ್ ಪೂರೈಸುವುದು ಸದ್ಯಕ್ಕೆ ಸಮಂಜಸವೆನಿಸುವುದಿಲ್ಲ.

ಸಣ್ಣ ಬಳಕೆಗಳಿಗೆ ಮಾತ್ರ ಅವಕಾಶವಿದೆ. 2022ರ ನವೆಂಬರ್‌ನಲ್ಲಿ ತೂತ್ತುಕುಡಿಯ ತೀರದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಐಐಟಿ ಪರೀಕ್ಷಿಸಿದ ‘ಸಿಂಧುಜಾ-1’ ನೀಡಿದ್ದು 100 ವಾಟ್ ಮಾತ್ರ. ದೀಪ ಹೊತ್ತ ತೇಲುಬುರುಡೆಗೆ ಅಥವಾ ಸಾಗರ ಮಾಪನದ ಉಪಕರಣಕ್ಕೆ ಅಷ್ಟು ಸಾಕು. 2025ರಲ್ಲಿ ಭಾರತ್ ಪೆಟ್ರೋಲಿಯಂ ಸಂಸ್ಥೆಯು ಮುಂಬಯಿಯಲ್ಲಿ 100 ಕಿಲೋವಾಟ್ ಪ್ರಾಯೋಗಿಕ ಘಟಕಕ್ಕೆ ಒಪ್ಪಂದ ಮಾಡಿಕೊಂಡಿದೆ. ತೀರದ ಕಟ್ಟಡಗಳಿಗೇ ತೇಲುಗಳನ್ನು ಜೋಡಿಸುವ ವಿಧಾನವಿದು. ನವಮಂಗಳೂರು ಬಂದರಿಗೆ ತಲಾ 770 ಮೀಟರ್ ಉದ್ದದ ಎರಡು ಅಲೆತಡೆಗಳಿವೆ. ಅಲೆತಡೆಗಳ ಮಾದರಿಗಳನ್ನು ಪರೀಕ್ಷಿಸುವ ಅನುಭವ ಸುರತ್ಕಲ್ಲಿನ ಎನ್ಐಟಿಕೆಗೆ ಇದೆ. ಪ್ರಯೋಗಕ್ಕೆ ಬೇಕಾದ ಸಲಕರಣೆ ಊರಿನಲ್ಲಿಯೇ ಇದೆಯೆನ್ನಬಹುದು.

ಆದರೆ ಕಡಲಿನಲ್ಲಿ ನಿಲ್ಲಿಸುವ ಯಾವ ಕಟ್ಟಡವೂ ನೆರೆಯ ತೀರವನ್ನು ಮುಟ್ಟದೆ ಬಿಡುವುದಿಲ್ಲ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ಬಂಡೆಗಳ ದಿಬ್ಬಗಳನ್ನು ನಿರ್ಮಿಸಿ ಅಲೆಗಳ ಬಲ ಕುಗ್ಗಿಸಲಾಯಿತು. ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಗಳಲ್ಲಿ ಕಡಲ್ಕೊರೆತ ಮುಂದುವರಿಯಿತು. ಅಲೆಯಿಂದ ಶಕ್ತಿ ಹೀರುವ ಯಂತ್ರಗಳ ಸಾಲೂ ಒಂದು ಬಗೆಯ ಅಲೆತಡೆಯೇ ಆಗಿದ್ದು, ಮರಳಿನ ಚಲನೆಯನ್ನು ಬದಲಿಸಬಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದು, ಆ ದಿನಗಳಲ್ಲಿ ತೀರದ ಸಮೀಪ ಬಲೆ ಬೀಸುವವರು ನಾಡದೋಣಿಯವರು. ಯಂತ್ರಗಳಿಗೆ ಬೇಕಾಗುವುದೂ ಅದೇ ನೀರು, ಅದೇ ತಿಂಗಳು. ಬೆಂಗರೆ, ಉಳ್ಳಾಲಗಳ ಮೀನುಗಾರರ ಅಭಿಪ್ರಾಯವನ್ನು ಸ್ಥಳ ನಿಗದಿಗೆ ಮುನ್ನವೇ ಪಡೆಯುವುದು ಅವಶ್ಯಕ. ನಿಗದಿಯಾದ ನಂತರದ ಸಭೆಗಳಿಂದ ಪ್ರಯೋಜನ ಕಡಿಮೆ.

ತೀರದಲ್ಲಿ ಇಂತಹ ಪ್ರಸ್ತಾವನೆ ಬಂದಲ್ಲಿ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಪರಿಶೀಲನೆಗೊಳಪಡುತ್ತದೆ. ಸಂಬಂಧಿಸಿದ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದಾಗಿದೆ. ಸ್ವಂತ ಮನೆಗೆ ನವೀಕರಿಸಬಹುದಾದ ವಿದ್ಯುತ್ ಬಯಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭಗೊಂಡ ಪಿಎಂ ಸೂರ್ಯ ಘರ್ ಯೋಜನೆಯಡಿ ಮೇಲ್ಛಾವಣಿ ಸೌರ ಘಟಕಕ್ಕೆ 1 ಕಿಲೋವಾಟಿಗೆ 30,000 ರೂಪಾಯಿ, 3 ಕಿಲೋವಾಟ್ ಮತ್ತು ಮೇಲ್ಪಟ್ಟಲ್ಲಿ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸತಕ್ಕದ್ದು. ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯನ್ನು ಕೈಯಲ್ಲಿರಿಸಿಕೊಳ್ಳುವುದು.