ಆಡಿ ಬಲ್ಲವರೇ ಕಲಿಸಲಿ

ಹೆಣ್ಣುಮಕ್ಕಳ ಆಟವು ಶಾಲೆಯ ಅಂಗಳದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯತಕ್ಕದ್ದೆಂದು ನಮ್ಮ ಪೋಷಕರಲ್ಲಿ ಅನೇಕರು ಭಾವಿಸುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಆಟದ ಬೂಟುಗಳು ಅಟ್ಟಕ್ಕೇರುತ್ತವೆ. ಅವುಗಳೊಡನೆ ಐದಾರು ವರ್ಷಗಳ ಅಭ್ಯಾಸವೂ ಅಟ್ಟಕ್ಕೇರುತ್ತದೆ. ಈ ರೂಢಿಯನ್ನು ನಾವು ಒಪ್ಪಲಾರೆವು. ಅದಕ್ಕೆ ಕಾರಣವನ್ನು ಒಬ್ಬ ಮಹಿಳೆಯ ಜೀವನದಿಂದಲೇ ತೋರಿಸಬಯಸುತ್ತೇವೆ.

ಶಾಂತಾ ರಂಗಸ್ವಾಮಿಯವರು 1954ರಲ್ಲಿ ಮದ್ರಾಸಿನಲ್ಲಿ ಜನಿಸಿ, ಕರ್ನಾಟಕದ ಪರವಾಗಿ ಕ್ರಿಕೆಟ್ ಆಡಿದವರು. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಭಾರತದ ವನಿತೆಯರು ವೆಸ್ಟ್ ಇಂಡೀಸ್ ತಂಡಕ್ಕೆ ಇದಿರಾಗಿ ತಮ್ಮ ಪ್ರಥಮ ಟೆಸ್ಟ್ ಪಂದ್ಯಕ್ಕಿಳಿದಾಗ ಇವರೇ ನಾಯಕಿ. ಅದೇ ನವೆಂಬರಿನಲ್ಲಿ ಪಾಟ್ನಾದಲ್ಲಿ ಮೊದಲನೆಯ ಜಯ ಲಭಿಸಿತು. 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಇವರು ಗಳಿಸಿದ 108 ಓಟಗಳು ಟೆಸ್ಟ್ ಪಂದ್ಯದಲ್ಲಿ ಭಾರತದ ಮಹಿಳೆಯೊಬ್ಬಳ ಪ್ರಥಮ ಶತಕ. ಒಟ್ಟು 16 ಟೆಸ್ಟುಗಳಲ್ಲಿ 12ಕ್ಕೆ ನಾಯಕತ್ವ ವಹಿಸಿ, 1991ರವರೆಗೂ ಆಡಿದರು. ವನಿತೆಯರ ಕ್ರಿಕೆಟ್ಟಿಗೆ ಆಗ ಪ್ರತ್ಯೇಕವಾದ ಬಡ ಸಂಸ್ಥೆಯೊಂದಿತ್ತು. ಅದು ಭಾರತೀಯ ಕ್ರಿಕೆಟ್ ಮಂಡಳಿಯೊಡನೆ ಸೇರಿದ್ದು 2006ರಲ್ಲಿ. ಆಟವು ಅನ್ನ ಕೊಡದ ಆ ಕಾಲದಲ್ಲಿ ಶಾಂತಾರವರು ಕೆನರಾ ಬ್ಯಾಂಕಿನಲ್ಲಿ ಉದ್ಯೋಗ ಮಾಡಿದರು.

ಬ್ಯಾಟನ್ನು ಕೆಳಗಿಟ್ಟೊಡನೆ ಅವರ ಸೇವೆ ಮುಗಿಯಿತೇ? ಇಲ್ಲ. 2018ರ ಡಿಸೆಂಬರಿನಲ್ಲಿ ಭಾರತದ ವನಿತಾ ತಂಡಕ್ಕೂ, 2019ರ ಆಗಸ್ಟಿನಲ್ಲಿ ಪುರುಷರ ತಂಡಕ್ಕೂ ತರಬೇತುಗಾರರನ್ನು ಆರಿಸಿದ ಮೂವರ ಸಮಿತಿಯಲ್ಲಿ ಕಪಿಲ್ ದೇವ್, ಅಂಶುಮಾನ್ ಗಾಯಕ್‌ವಾಡ್ ಇವರೊಡನೆ ಶಾಂತಾರವರೂ ಕುಳಿತರು. ಪುರುಷರಿಗೆ ಗುರುವನ್ನು ಆರಿಸುವಲ್ಲಿ ಒಬ್ಬ ಮಹಿಳೆಯ ಮಾತಿಗೆ ತೂಕವುಂಟಾದದ್ದು ಆಕೆ ಸ್ವತಃ ಆಡಿ, ಸೋತು, ಗೆದ್ದು ಪಡೆದ ತಿಳಿವಳಿಕೆಯಿಂದಲ್ಲವೇ? ಹಾಗೆಯೇ ಭಾರತ ತಂಡದ ನಾಯಕಿಯಾಗಿದ್ದ ಮಮತಾ ಮಾಬೆನ್‌ರವರು ಮುಂದೆ ಬಾಂಗ್ಲಾದೇಶ, ಚೀನಾ ದೇಶಗಳ ವನಿತೆಯರಿಗೆ ತರಬೇತುಗಾರರಾದರು.

ಇನ್ನು ನಮ್ಮ ಜಿಲ್ಲೆಗೆ ಬರೋಣ. 2017ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ ಆಡಿದ ವೇದಾ ಕೃಷ್ಣಮೂರ್ತಿಯವರು ಕಡೂರಿನವರು. ಆದರೆ ಆಟವನ್ನು ಕ್ರಮವಾಗಿ ಕಲಿಯುವುದಕ್ಕಾಗಿ ಅವರು ಎಳೆಯ ವಯಸ್ಸಿನಲ್ಲಿಯೇ ಬೆಂಗಳೂರಿಗೆ ಹೋಗಬೇಕಾಯಿತು. ಸಂಸೆಯ ಎಷ್ಟು ಮಂದಿ ತಂದೆತಾಯಿಗಳು ಹಾಗೆ ಕಳುಹಿಸಬಲ್ಲರು? ಮಗಳು ಹೋಗಲಾರಳೆಂದ ಮೇಲೆ ಕಲಿಸುವವರು ಇಲ್ಲಿಗೆ ಬರಬೇಕು.

ಓದು ಕೆಡುವುದೆಂದು ಕೆಲವರು ಶಂಕಿಸುತ್ತಾರೆ. ವಾರಕ್ಕೆರಡು ಸಂಜೆಯ ಆಟದಿಂದ ಕೆಡುವ ಓದು ಮೊದಲೇ ಗಟ್ಟಿಯಾದುದಲ್ಲ. ನಮ್ಮ ಮಳೆಗಾಲದಲ್ಲಿ ಮೈದಾನವೇ ಕೆಸರಾಗುವುದೆಂಬ ಮಾತು ನಿಜ. ಆದರೆ ಮಳೆ ನಿಂತ ಮೇಲೂ ಮೈದಾನ ಬರಿದಾಗಿರುವುದಕ್ಕೆ ಮಳೆಯು ಹೊಣೆಯಲ್ಲ.

ಆದುದರಿಂದ, ಹಳೆಯ ವಿದ್ಯಾರ್ಥಿನಿಯರೇ, ಒಂದು ಕಾಲಕ್ಕೆ ಈ ಶಾಲೆಯ ಪರವಾಗಿ ಖೋಖೋ, ಥ್ರೋಬಾಲ್, ಕಬಡ್ಡಿ ಆಡಿದ ನೀವು ಶನಿವಾರದ ಮಧ್ಯಾಹ್ನಗಳಲ್ಲಿ ಬಂದು ನಿಮ್ಮ ತಂಗಿಯರಿಗೆ ಕಲಿಸಿರಿ. ತಂಡವನ್ನು ಆರಿಸುವಾಗಲೂ ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇವಳು ತೋಟದ ಯಜಮಾನರ ಮಗಳು, ಅವಳು ತೋಟದ ಕೂಲಿಯವರ ಮಗಳು ಎಂಬ ಭೇದವು ಆಟ ಬಲ್ಲವರ ಕಣ್ಣಿಗೆ ಬೀಳಬಾರದು. ಪೋಷಕ ಮಹಾಶಯರೇ, ಮನೆಗೆ ಬಂದ ಸೊಸೆಯೂ ಮಗಳೂ ಈ ಕೆಲಸಕ್ಕೆ ಹೊರಟರೆ ತಡೆಯದಿರಿ. ಅಟ್ಟದ ಬೂಟುಗಳು ಕೆಳಗಿಳಿಯಲೆಂಬುದೇ ನಮ್ಮ ವಿಜ್ಞಾಪನೆ.